ಹೂವಿಗೆ ರೇಟು, ಎಲೆ ಫ್ರೀ: ಕ್ರೋಟನ್ ಎಲೆ ಮೈಸೂರಿನ ಬೊಕೆಗೆ ಬಂದ ಕತೆ

(ಆಡಿಯೋ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ, ವಾಲ್ಯೂಮ್ ಸ್ವಲ್ಪ ಜಾಸ್ತಿ ಇಟ್ಕೊಳ್ಳಿ. ಇವತ್ತಿನ ಇತಿಹಾಸದ ಕತೆ ಒಂದು ಬಿಲ್‌ನಿಂದ ಶುರುವಾಗುತ್ತೆ. ಬಿ.ಕಾಂ ಓದಿದ ತಲೆ ನಂದು, ಎಲ್ಲಿ ಹೋದ್ರೂ ಕಣ್ಣು ಮೊದಲು ಬಿಲ್ ಮೇಲೇ ಹೋಗೋದು.

ಮೈಸೂರಿನ ಯಾವುದಾದ್ರೂ ಬೊಕೆ ಅಂಗಡಿ ಮುಂದೆ ನಿಂತ್ಕೊಂಡು, "ಅಣ್ಣಾ, ಹತ್ತು ಗುಲಾಬಿ, ನಾಲ್ಕು ಜರ್ಬೆರಾ ಹಾಕಿ ಒಂದು ಬೊಕೆ ಕಟ್ಟಿಕೊಡಿ" ಅನ್ನಿ. ಅವರು ಗುಲಾಬಿ ಎಣಿಸ್ತಾರೆ. ಜರ್ಬೆರಾ ಎಣಿಸ್ತಾರೆ. ಆಮೇಲೆ ಪಕ್ಕದ ಬಕೆಟ್‌ಗೆ ಕೈ ಹಾಕಿ ಒಂದು ಹಿಡಿ ಎಲೆ ತೆಗೀತಾರೆ. ಹಳದಿ ಅಂಚಿನ ಉದ್ದ ಎಲೆ, ಕೆಂಪು-ಹಳದಿ ಮಚ್ಚೆಯ ಕ್ರೋಟನ್, ಮೋಡದ ಥರ ಮೆತ್ತಗಿರೋ ಆಸ್ಪರಾಗಸ್, ಅಲಂಕಾರದ ತಾಳೆಯ ಗರಿ. ಇದನ್ನ ಮಾತ್ರ ಎಣಿಸೋದಿಲ್ಲ. ಹಿಂದೆ ಒಂದಿಷ್ಟು, ಮಧ್ಯೆ ಒಂದಿಷ್ಟು ಸಿಕ್ಕಿಸಿ, ರಿಬ್ಬನ್ ಕಟ್ಟಿ ಕೈಗೆ ಕೊಡ್ತಾರೆ.

ಬೊಕೆ ದುಂಡಗೆ, ತುಂಬಿದ ಹಾಗೆ ಕಾಣೋದು ಎಲೆಯಿಂದ. ಹೂವು ಬಾಡಿದ ಮೇಲೂ ಹೂದಾನಿಯಲ್ಲಿ ನಿಂತಿರೋದು ಎಲೆ. ಆದ್ರೆ ಬಿಲ್‌ನಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ಯಾಕೆ? "ಎಲೆ ತಾನೇ, ಎಲ್ಲಾ ಕಡೆ ಸಿಗುತ್ತೆ" ಅಂತ ಹೇಳಿಬಿಡಬಹುದು. ಆದ್ರೆ ಅದೇ ದೇವರಾಜ ಮಾರುಕಟ್ಟೆಯಲ್ಲಿ ಬಾಳೆ ಎಲೆಗೆ ದುಡ್ಡು ಕೊಡ್ತೀವಿ. ವೀಳ್ಯದೆಲೆಗೆ ದುಡ್ಡು ಕೊಡ್ತೀವಿ. ಮೈಸೂರು ವೀಳ್ಯದೆಲೆಗಂತೂ ಮೈಸೂರು ಮಲ್ಲಿಗೆ ಥರಾನೇ ಜಿಐ ಟ್ಯಾಗ್, ಅಂದ್ರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ತಿನ್ನೋ ಎಲೆಗೆ ರೇಟು, ಊಟ ಬಡಿಸೋ ಎಲೆಗೆ ರೇಟು, ನೋಡೋ ಎಲೆ ಮಾತ್ರ ಫ್ರೀ. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕಿದ್ರೆ ಇಂಡೋನೇಷ್ಯಾದ ದ್ವೀಪ, ಲಂಡನ್‌ನ ಗಾಜಿನ ಪೆಟ್ಟಿಗೆ, ಲಾಲ್‌ಬಾಗ್, ಕೊನೆಗೆ ನಿಮ್ಮ ಅಜ್ಜಿ ಮನೆ ಕಾಂಪೌಂಡ್‌ವರೆಗೂ ಹೋಗುತ್ತೆ. ಬನ್ನಿ ಹೋಗೋಣ.

ಎಲೆಗೂ ಲೆಕ್ಕ ಇದ್ದ ಕಾಲ

ನಮ್ಮಲ್ಲಿ ಎಲೆ ಯಾವಾಗಲೂ ಹೂವಿನ ಬಾಲಂಗೋಚಿ ಆಗಿರಲಿಲ್ಲ. ಭಗವದ್ಗೀತೆಯ 9ನೇ ಅಧ್ಯಾಯದಲ್ಲಿ, ಭಕ್ತಿಯಿಂದ ಕೊಟ್ಟರೆ ದೇವರು ಒಪ್ಪಿಕೊಳ್ಳುವ ವಸ್ತುಗಳ ಒಂದು ಚಿಕ್ಕ ಪಟ್ಟಿ ಬರುತ್ತೆ. ಅದರಲ್ಲಿ ಮೊದಲ ಹೆಸರು ಎಲೆಯದು, ಆಮೇಲೆ ಹೂವು. ಗಣೇಶನ ಹಬ್ಬದಲ್ಲಿ 21 ಬಗೆಯ ಪತ್ರೆ ಬೇಕು. ಅಲ್ಲಿ ಎಲೆಯನ್ನ ಹೆಸರು ಹಿಡಿದು, ಒಂದೊಂದಾಗಿ ಎಣಿಸಿ ಏರಿಸ್ತಾರೆ. ಶಿವನಿಗೆ ಬಿಲ್ವ, ವಿಷ್ಣುವಿಗೆ ತುಳಸಿ. ಚೈತ್ರದ ಹುಣ್ಣಿಮೆಗೆ ಹೆಸರೇ ದವನದ ಹುಣ್ಣಿಮೆ. ಒಂದು ಎಲೆಯ ಹೆಸರಲ್ಲಿ ಒಂದು ಹುಣ್ಣಿಮೆ!

ಇನ್ನು ಮೈಸೂರಿನ ವಿಷಯ ಕೇಳಬೇಕಾ? ವಿಜಯದಶಮಿ ದಿನ ಅರಮನೆಯಿಂದ ಹೊರಟ ಜಂಬೂ ಸವಾರಿ ಎಲ್ಲಿಗೆ ಹೋಗುತ್ತೆ? ಬನ್ನಿಮಂಟಪಕ್ಕೆ. ಬನ್ನಿ ಅಂದ್ರೆ ಒಂದು ಮರ. ಆ ದಿನ ಆ ಮರದ ಎಲೆಗೆ ಬಂಗಾರದ ಬೆಲೆ. ಉತ್ತರ ಕರ್ನಾಟಕದ ಕಡೆಯ ಕೇಳುಗರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನೋದು ಅವರ ಮನೆಮಾತು. ಅಂದ್ರೆ ನಾಡಿನ ಅತಿ ದೊಡ್ಡ ಮೆರವಣಿಗೆಯ ಕೊನೆಯ ನಿಲ್ದಾಣದ ಹೆಸರಲ್ಲೂ ಒಂದು ಎಲೆಯ ಮರ ಇದೆ.

ಹೂವಿನ ಅಂಗಡಿಯಲ್ಲೂ ಎಲೆ ಇತ್ತು, ಈಗಲೂ ಇದೆ. "ಅಕ್ಕಾ, ಎರಡು ಮಾರು ಕೊಡಿ" ಅಂದಾಗ ಅಳೆದು ಕೊಡೋ ದಂಡೆಯನ್ನ ಹತ್ತಿರದಿಂದ ನೋಡಿ. ಮಲ್ಲಿಗೆ, ಕನಕಾಂಬರದ ನಡುವೆ ಹಸಿರಿಗೆ ಮರುಗ ಇರುತ್ತೆ, ದವನ ಇರುತ್ತೆ, ಪಚ್ಚೆತೆನೆ ಇರುತ್ತೆ. ಕಟ್ಟೋದು ಬಾಳೆ ನಾರಲ್ಲಿ. ಇಲ್ಲಿ ಒಂದು ವಿಷಯ ಗಮನಿಸಿ. ಈ ಎಲೆಗಳೆಲ್ಲಾ ಹಸಿರು ಅಥವಾ ಬೂದುಹಸಿರು. ಕಣ್ಣು ಕುಕ್ಕೋ ಬಣ್ಣ ಒಂದಕ್ಕೂ ಇಲ್ಲ. ಇವು ಮಾಲೆ ಸೇರಿದ್ದು ಎರಡು ಕಾರಣಕ್ಕೆ: ಪರಿಮಳ, ಪಾವಿತ್ರ್ಯ. ಬಣ್ಣ ಹೂವಿನ ಕೆಲಸ, ಘಮ ಎಲೆಯ ಕೆಲಸ, ಹೀಗೆ ಕೆಲಸ ಹಂಚಿಕೊಂಡಿದ್ವು. ದವನದ ಘಮಕ್ಕೆ ಮಾರ್ಕೆಟ್ ಎಷ್ಟಿದೆ ಅಂದ್ರೆ, ಅದರಿಂದ ತೆಗೆದ ಎಣ್ಣೆ ಸುಗಂಧ ದ್ರವ್ಯದ ಕಂಪನಿಗಳಿಗೆ ಹೋಗುತ್ತೆ.

ಹೂವಿನ ಖಯಾಲಿ ನಮ್ಮಲ್ಲಿ ಹೊಸದೇನಲ್ಲ. ಕಲ್ಯಾಣದಿಂದ, ಅಂದ್ರೆ ಇವತ್ತಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ರಾಜನ ಸುಖಗಳ ಪಟ್ಟಿಯಲ್ಲಿ ಮಾಲೆ ಧರಿಸೋದಕ್ಕೇ ಬೇರೆ ಭಾಗ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಈ ಊರಿನ ಜನಕ್ಕೆ ಹೂವಿಲ್ಲದೆ ಬದುಕೋಕಾಗಲ್ಲ ಅನ್ನೋ ಅರ್ಥದಲ್ಲಿ ಬರೆದಿಟ್ಟ.

ತುರಾಯಿ ಅಂದ್ರೆ ಏನು ಗೊತ್ತಾ?

"ಹಾರ ತುರಾಯಿ ಬೇಡ" ಅಂತ ಆಹ್ವಾನ ಪತ್ರಿಕೆಯಲ್ಲಿ ಓದಿರ್ತೀರಿ. ಹಾರ ಗೊತ್ತು. ತುರಾಯಿ? ಇದು ಪರ್ಷಿಯನ್ ಕಡೆಯಿಂದ ಬಂದ ಪದ. ಮೂಲದಲ್ಲಿ 'ತುರ್ರಾ', ಪೇಟಕ್ಕೆ ಸಿಕ್ಕಿಸೋ ಗರಿ ಅಥವಾ ಕುಚ್ಚು. ಮರಾಠಿಯಲ್ಲಿ ತುರಾ, ನಮ್ಮಲ್ಲಿ ತುರಾಯಿ. ತಲೆ ಮೇಲಿದ್ದ ಈ ಕುಚ್ಚು ನಿಧಾನಕ್ಕೆ ಕೈಗೆ ಇಳೀತು. ನಾಲ್ಕಾರು ಗುಲಾಬಿ, ಸುತ್ತ ಮರುಗ ಅಥವಾ ಥೂಜಾ ಎಲೆ, ಮೇಲೆ ಜರಿ. ಮದುವೆಯಲ್ಲಿ ಗಂಡು-ಹೆಣ್ಣಿನ ಕೈಯಲ್ಲಿ, ಸಭೆಯಲ್ಲಿ ಅತಿಥಿಯ ಕೈಯಲ್ಲಿ ಕಾಣೋದು ಇದೇ.

ಬೊಕೆ ಅನ್ನೋ ಫ್ರೆಂಚ್ ಪದ ಇಂಗ್ಲಿಷ್ ಮೂಲಕ ನಮ್ಮ ಬಾಯಿಗೆ ಬರೋ ಮೊದಲೇ ನಮ್ಮಲ್ಲಿ ಬೊಕೆ ಇತ್ತು, ಅದರ ಹೆಸರು ತುರಾಯಿ. ಎರಡಕ್ಕೂ ವ್ಯತ್ಯಾಸ ಏನು? ತುರಾಯಿ ಬಿಗಿಯಾಗಿ ಕಟ್ಟಿದ್ದು, ಎಲೆ ಅದರಲ್ಲಿ ಬರೀ ಕಾಲರ್ ಪಟ್ಟಿ. ಬೊಕೆ ಸಡಿಲ, ಎತ್ತರ, ಅಗಲ. ಅದರಲ್ಲಿ ಜಾಗ ತುಂಬಬೇಕು. ಆ ಖಾಲಿ ಜಾಗಕ್ಕೇ ಬಣ್ಣದ ಎಲೆ ಬಂದು ಕೂತಿದ್ದು. ಆದ್ರೆ ಬಣ್ಣದ ಎಲೆ ಈ ಊರಿಗೆ ಬಂದಿದ್ದು ಹೇಗೆ?

ಗಾಜಿನ ಪೆಟ್ಟಿಗೆಯಲ್ಲಿ ಬಂದ ಬಣ್ಣ

ಕ್ರೋಟನ್ ಮೂಲ ಇಂಡೋನೇಷ್ಯಾದ ಮಲುಕು ದ್ವೀಪಗಳಿಂದ ಹಿಡಿದು ಪೆಸಿಫಿಕ್ ದ್ವೀಪಗಳವರೆಗೆ. ಮಲುಕು ಅಂದ್ರೆ ಲವಂಗ, ಜಾಯಿಕಾಯಿ ದ್ವೀಪಗಳು. ಡಚ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಕೂತಿದ್ದು ಮಸಾಲೆಗೋಸ್ಕರ. ಆ ಕಂಪನಿಯಲ್ಲಿ ಕೆಲಸಕ್ಕಿದ್ದ ಜರ್ಮನ್ ಮೂಲದ ರಂಫಿಯಸ್ ಅನ್ನೋನು ಅಂಬೋನ್ ದ್ವೀಪದ ಗಿಡಗಳನ್ನೆಲ್ಲಾ ಬರೆದಿಟ್ಟ. 1670ರಲ್ಲಿ ಕಣ್ಣು ಹೋಯ್ತು, ಆದ್ರೂ ಬಿಡಲಿಲ್ಲ. ಅವನು ಸತ್ತು ಎಷ್ಟೋ ವರ್ಷ ಆದ್ಮೇಲೆ, 1741ರಿಂದ ಆ ಗ್ರಂಥ ಅಚ್ಚಾಯ್ತು. ಆ ದ್ವೀಪಗಳ ಜನ ಈ ಗಿಡಕ್ಕೆ ಕರೀತಿದ್ದ ಹೆಸರಿಂದಲೇ ಅವನು 'ಕೋಡಿಯಮ್' ಅಂತ ಹೆಸರಿಟ್ಟಿದ್ದ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದನ್ನ 'ಕ್ರೋಟನ್' ಗುಂಪಿಗೆ ಸೇರಿಸಿದ. ಆಮೇಲಿನ ಸಸ್ಯಶಾಸ್ತ್ರಜ್ಞರು "ಇದು ಆ ಗುಂಪಿನದಲ್ಲ" ಅಂತ ಹೊರಗೆ ತೆಗೆದರು, ಶಾಸ್ತ್ರೀಯ ಹೆಸರು ಮತ್ತೆ ಕೋಡಿಯಮ್ ಆಯ್ತು. ಜನ ಮಾತ್ರ ಕ್ರೋಟನ್ ಅನ್ನೋದನ್ನ ಬಿಡಲಿಲ್ಲ. ನಿಜವಾದ ಕ್ರೋಟನ್ ಗುಂಪಿನ ಗಿಡ ಯಾವುದು ಗೊತ್ತಾ? ನಮ್ಮ ಜಾಪಾಳ, ಹೌದು, ಹಳೇ ಕಾಲದ ಭೇದಿ ಔಷಧದ ಜಾಪಾಳ. ನೆನಪಿರಲಿ, ಹುಟ್ಟುಹಬ್ಬದ ಬೊಕೆಯಲ್ಲಿರೋದು ಅದಲ್ಲ!

ಗಿಡ ಗೊತ್ತಿತ್ತು, ಆದ್ರೆ ಸಾಗಿಸೋದು ಹೇಗೆ? ತಿಂಗಳುಗಟ್ಟಲೆ ಹಡಗು ಪ್ರಯಾಣ, ಉಪ್ಪು ಗಾಳಿ, ಸಿಹಿನೀರಿಗೆ ರೇಷನ್. ಬಹುಪಾಲು ಗಿಡ ದಾರಿಯಲ್ಲೇ ಸಾಯ್ತಿತ್ತು. ಇದಕ್ಕೆ ಉತ್ತರ ಸಿಕ್ಕಿದ್ದು ಲಂಡನ್ನಿನ ನಥಾನಿಯಲ್ ವಾರ್ಡ್ ಅನ್ನೋ ಡಾಕ್ಟರ್ ಮನೆಯಲ್ಲಿ. ಮುಚ್ಚಿದ ಗಾಜಿನ ಬಾಟಲಿಯೊಳಗೆ ತಾನಾಗಿಯೇ ಒಂದು ಜರೀಗಿಡ ಹುಟ್ಟಿ ಬದುಕಿದ್ದನ್ನ ಅವನು ನೋಡಿದ. ಒಳಗಿನ ತೇವ ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗೇ ಇಳಿಯುತ್ತೆ. ಹೊರಗಿನಿಂದ ನೀರು ಬೇಡ. 1833ರಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು ಆಸ್ಟ್ರೇಲಿಯಾದ ಸಿಡ್ನಿಗೆ ಕಳಿಸಿದ್ರು. ಜೀವಂತ ತಲುಪಿದವು. ಇದೇ ವಾರ್ಡಿಯನ್ ಪೆಟ್ಟಿಗೆ. ಚಹಾ, ಸಿಂಕೋನಾ, ರಬ್ಬರ್ ಗಿಡಗಳೆಲ್ಲಾ ಖಂಡ ದಾಟಿದ್ದು ಇದರಲ್ಲೇ. ಜೊತೆಗೆ ಲಾಭಕ್ಕಲ್ಲ, ಶೋಕಿಗೆ ಅಂತ ಬಣ್ಣದ ಎಲೆ ಗಿಡಗಳೂ ಹತ್ತಿದವು.

ಇಂಗ್ಲೆಂಡಲ್ಲಿ 1860ರ ದಶಕ ಅಂದ್ರೆ ಎಲೆ ಹುಚ್ಚಿನ ದಶಕ. ಜಾವಾ ಕಡೆಯ ಕೋಲಿಯಸ್ ಗಿಡದ ಹೊಸ ಬಣ್ಣಗಳು ಹರಾಜಿಗೆ ಬರ್ತಿದ್ವು. ವೀಚ್ ಅನ್ನೋ ನರ್ಸರಿ ಮನೆತನದ ಜಾನ್ ಗೌಲ್ಡ್ ವೀಚ್ 1864ರಿಂದ 1866ರವರೆಗೆ ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪ ಸುತ್ತಿ ಕ್ರೋಟನ್, ಕಾರ್ಡಿಲೈನ್ ಥರದ ಗಿಡಗಳನ್ನ ಲಂಡನ್ನಿಗೆ ತಂದ. ಅಲ್ಲಿನ ಚಳಿಗೆ ಇವಕ್ಕೆ ಬಿಸಿ ಗಾಜಿನಮನೆ ಬೇಕು, ಕಲ್ಲಿದ್ದಲು ಸುಡಬೇಕು. ಅಂದ್ರೆ ಅಲ್ಲಿ ಈ ಎಲೆ ಶ್ರೀಮಂತರ ಆಟದ ಸಾಮಾನು. ಎಲೆ ಅಲ್ಲಿ ಫ್ರೀ ಆಗಿರಲಿಲ್ಲ ಅನ್ನೋದನ್ನ ಗುರುತು ಹಾಕ್ಕೊಳ್ಳಿ.

ಲಾಲ್‌ಬಾಗ್‌ನಿಂದ ಬೃಂದಾವನಕ್ಕೆ

ಮೈಸೂರು ಸಂಸ್ಥಾನದಲ್ಲಿ ಪರದೇಶದ ಗಿಡಗಳಿಗೆ ಹೆಬ್ಬಾಗಿಲು ಲಾಲ್‌ಬಾಗ್. ಹೈದರ್ ಅಲಿ 1760ರಲ್ಲಿ ಶುರು ಮಾಡಿದ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರು ಇಲ್ಲಿಗೆ ಬಂದ್ರು. ಅವರಲ್ಲಿ ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ ಸೂಪರಿಂಟೆಂಡೆಂಟ್. ಬೆಂಗಳೂರಿನ ಸುತ್ತಮುತ್ತ ಸೀಮೆಬದನೆ ಬೆಳೆಸಿದ ಹೆಸರು ಇವನದೇ. 'ಸೀಮೆ' ಅಂದ್ರೆ ಹೊರದೇಶ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಕ್ರೋಟನ್‌ಗೆ ಮಾತ್ರ ಯಾರೂ ಸೀಮೆಯ ಹೆಸರಿಡಲಿಲ್ಲ. ಅದು ಕ್ರೋಟನ್ ಅಂತಲೇ ಬಂತು, ಹಾಗೇ ಕನ್ನಡ ಆಯ್ತು. ಇವತ್ತು ಹಳ್ಳಿ ಅಜ್ಜಿಯೂ "ಕ್ರೋಟನ್ ಗಿಡ" ಅಂತಾನೇ ಅನ್ನೋದು.

1889ರ ನವೆಂಬರ್‌ನಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಲಾಲ್‌ಬಾಗ್ ಗಾಜಿನಮನೆಗೆ ಅಡಿಗಲ್ಲು ಹಾಕಿದ. ಇದರಲ್ಲೊಂದು ತಮಾಷೆ ಇದೆ. ಲಂಡನ್ನಲ್ಲಿ ಗಾಜಿನಮನೆ ಬೇಕಿದ್ದದ್ದು ಗಿಡಕ್ಕೆ ಬಿಸಿ ಕೊಡೋಕೆ. ಬೆಂಗಳೂರಿನ ಹವೆಯಲ್ಲಿ ಕ್ರೋಟನ್ ಬಯಲಲ್ಲೇ ಸುಖವಾಗಿರುತ್ತೆ. ಇಲ್ಲಿ ಗಾಜಿನಮನೆ ಕಟ್ಟಿದ್ದು ಪ್ರದರ್ಶನಕ್ಕೆ, ಗಿಡ ನೋಡೋಕೆ ಜನ ಬರಲಿ ಅಂತ. ಫಲಪುಷ್ಪ ಪ್ರದರ್ಶನ ಅನ್ನೋ ನಮ್ಮ ಆಗಸ್ಟ್ 15, ಜನವರಿ 26ರ ಜಾತ್ರೆ ಬೆಳೆದಿದ್ದು ಇದೇ ಸೂರಿನಡಿ.

ಕ್ಯಾಮರಾನ್ ಆದ್ಮೇಲೆ ಬಂದವರು ಜರ್ಮನಿಯ ಡ್ರೆಸ್ಡೆನ್ ಹತ್ತಿರ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಕ್ಯೂನಲ್ಲಿ ಕೆಲಸ, ಬರೋಡಾ ಮಹಾರಾಜರ ತೋಟ, ಆಮೇಲೆ 1908ರಿಂದ 1932ರವರೆಗೆ ಮೈಸೂರು ಸರ್ಕಾರ. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಕೆಆರ್‌ಎಸ್ ಅಣೆಕಟ್ಟೆಯ ಕೆಳಗೆ 1927ರಿಂದ 1932ರ ಹೊತ್ತಿಗೆ ಬೃಂದಾವನ ಉದ್ಯಾನ ಎದ್ದು ನಿಂತಿತಲ್ಲ, ಅದರ ವಿನ್ಯಾಸದಲ್ಲಿ ಇವರ ಕೈ ಇದೆ. ಸಾಯೋವರೆಗೂ, ಅಂದ್ರೆ 1956ರವರೆಗೂ, ಬೆಂಗಳೂರಲ್ಲೇ ಇದ್ರು.

ಉದ್ಯಾನ ಮಾಡೋರಿಗೆ ಬಣ್ಣದ ಎಲೆ ಯಾಕಿಷ್ಟ ಅನ್ನೋದು ಸುಲಭದ ಲೆಕ್ಕ. ಹೂವಿಗೆ ಸೀಸನ್ ಇದೆ, ಎಲೆಗಿಲ್ಲ. ಚೆಂಡುಹೂವಿನ ಮಡಿ ಕೆಲವೇ ತಿಂಗಳಲ್ಲಿ ಮುಗಿಯುತ್ತೆ, ಮತ್ತೆ ಬೀಜ, ಮತ್ತೆ ಕೂಲಿ. ಕ್ರೋಟನ್ ಬೇಲಿ ವರ್ಷವಿಡೀ ಬಣ್ಣ. ಕತ್ತರಿಸಿದಷ್ಟೂ ಚಿಗುರುತ್ತೆ. ಹಾಗಾಗಿ ಪಾರ್ಕು, ಸರ್ಕಾರಿ ಕಚೇರಿ, ರೈಲ್ವೆ ನಿಲ್ದಾಣ, ಶಾಲೆ, ಎಲ್ಲದರ ಬೇಲಿಗೂ ಬಣ್ಣದ ಎಲೆ ಬಂತು. ಮೈಸೂರಿನ ದಸರಾ ಫಲಪುಷ್ಪ ಪ್ರದರ್ಶನ ನಡೆಯೋ ಕುಪ್ಪಣ್ಣ ಪಾರ್ಕ್‌ಗೆ, ನಿಶಾತ್ ಬಾಗ್ ಅಂತ ಹಳಬರು ಕರೆಯೋ ಜಾಗಕ್ಕೆ, ಹೋಗಿರ್ತೀರಲ್ವಾ? ಗುಲಾಬಿಯಲ್ಲಿ ಮಾಡಿದ ದೊಡ್ಡ ಪ್ರತಿಕೃತಿಯ ಮುಂದೆ ಎಲ್ಲರೂ ಸೆಲ್ಫಿ ತಗೋತೀವಿ. ಅದರ ಸುತ್ತ ಸಾಲಾಗಿ ಜೋಡಿಸಿದ ಎಲೆ ಗಿಡದ ಕುಂಡಗಳು ಫೋಟೋದ ಅಂಚಿನಲ್ಲಿ ಕಟ್ ಆಗಿರ್ತವೆ.

ಕಾಂಪೌಂಡ್ ದಾಟಿದ ಕೊಂಬೆ

ಸರಿ, ಪಾರ್ಕಿನ ಗಿಡ ಮನೆಗೆ ಬಂದಿದ್ದು ಹೇಗೆ? ಇಲ್ಲೇ ಫ್ರೀ ಅನ್ನೋದರ ಗುಟ್ಟು ಇರೋದು.

ಬಣ್ಣದ ಎಲೆ ಗಿಡದ ಬೀಜ ಬಿತ್ತಿದ್ರೆ ಅದೇ ಬಣ್ಣ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕೊಂಬೆ ನೆಟ್ಟರೆ ಬರುತ್ತೆ. ಇಲ್ಲಾ ಗೂಟಿ ಕಟ್ಟಬೇಕು: ಕೊಂಬೆಯ ಸಿಪ್ಪೆ ಸುತ್ತ ಸುಲಿದು, ಪಾಚಿಯೋ ಮಣ್ಣೋ ಮೆತ್ತಿ, ಬೇರು ಬಂದ ಮೇಲೆ ಕತ್ತರಿಸಿ ನೆಡೋದು. ಕೆಲವು ಸಲ ಒಂದೇ ಗಿಡದ ಒಂದೇ ಕೊಂಬೆ ಇದ್ದಕ್ಕಿದ್ದಂತೆ ಬೇರೆ ಬಣ್ಣ ತೋರಿಸುತ್ತೆ. ಆ ಕೊಂಬೆ ಬೇರೆ ಮಾಡಿ ನೆಟ್ಟರೆ ಹೊಸ ತಳಿ. ಕ್ರೋಟನ್‌ನಲ್ಲಿ ಇಷ್ಟೊಂದು ವೆರೈಟಿ ಇರೋದಕ್ಕೆ ಇದೂ ಒಂದು ಕಾರಣ.

ಅರ್ಥ ಏನು? ನಿಮ್ಮ ಮನೆ ಮುಂದಿನ ಕ್ರೋಟನ್ ಯಾರದೋ ಮನೆ ಕ್ರೋಟನ್‌ನ ತುಂಡು. ಅವರದ್ದು ಇನ್ನೊಬ್ಬರದ ತುಂಡು. ಹಾಗೇ ಹಿಂದೆ ಹಿಂದೆ ಹೋದ್ರೆ ಯಾವುದೋ ನರ್ಸರಿ, ಯಾವುದೋ ಸಸ್ಯೋದ್ಯಾನ, ಯಾವುದೋ ಹಡಗು. ಈ ಹಂಚಿಕೆಗೆ ರಸೀದಿ ಇಲ್ಲ, ದಾಖಲೆ ಇಲ್ಲ. "ಏನಮ್ಮಾ, ಈ ಗಿಡ ಚೆನ್ನಾಗಿದೆ, ನಂಗೊಂದು ಕೊಂಬೆ ಕೊಡು" ಅನ್ನೋ ಮಾತಿನಲ್ಲೇ ನಡೆದದ್ದು. ಕೊಟ್ಟವರು, ತಗೊಂಡವರು ಹೆಚ್ಚಾಗಿ ಹೆಂಗಸರು. ವಠಾರದ ಬಾವಿಕಟ್ಟೆಯಿಂದ ವಠಾರದ ಬಾವಿಕಟ್ಟೆಗೆ, ಹಳೇ ಡಾಲ್ಡಾ ಡಬ್ಬದಲ್ಲಿ, ಮದುವೆಯಾಗಿ ಹೋದ ಮಗಳ ಜೊತೆ ಬಸ್ಸಿನ ಸೀಟಿನ ಕೆಳಗೆ.

ಗುಲಾಬಿಯ ದಾರಿ ಬೇರೆ. ಬೊಕೆಯ ಉದ್ದ ಕಾಂಡದ ಗುಲಾಬಿ ತಳಿ ಕಂಪನಿಯಿಂದ ಬರುತ್ತೆ. ಪಾಲಿಹೌಸ್ ಕಟ್ಟೋಕೆ ಬ್ಯಾಂಕ್ ಸಾಲ. ಹನಿ ನೀರಾವರಿ, ಕೋಲ್ಡ್ ಸ್ಟೋರೇಜ್. ಬೆಂಗಳೂರಿನ ಹೆಬ್ಬಾಳದಲ್ಲಿ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರವೇ ಇದೆ. ಪ್ರತಿ ಹೆಜ್ಜೆಯಲ್ಲೂ ಒಂದು ಬಿಲ್ ಹುಟ್ಟುತ್ತೆ, ಹಾಗಾಗಿ ಕೊನೆಗೆ ಒಂದು ರೇಟೂ ಹುಟ್ಟುತ್ತೆ. ಎಲೆ ಕೊಂಬೆಯಾಗಿ ಪುಕ್ಕಟೆ ಬಂತು, ಬೇಲಿಯಾಗಿ ಬೆಳೀತು, ಹಾಗಾಗಿ ಪುಕ್ಕಟೆಯಾಗೇ ಉಳೀತು. ವಸ್ತುವಿನ ಬೆಲೆ ಅದರ ಉಪಯೋಗಕ್ಕಿಂತ ಅದು ಬಂದ ದಾರಿಯ ಮೇಲೆ ನಿಂತಿರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಂಗೆ ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲೂ ಸಿಕ್ಕಿಲ್ಲ.

ಎಲೆಯೇ ಹೀರೋ ಆದಾಗ

ಎಲೆಯನ್ನ ಮುಂದಕ್ಕೆ ತಂದವರು ಜಗತ್ತಲ್ಲಿ ಇದ್ದಾರೆ. ಜಪಾನಿನ ಇಕೆಬಾನಾದಲ್ಲಿ, ಅದರಲ್ಲೂ ಹಳೇ ಇಕೆನೊಬೊ ಪಂಥದಲ್ಲಿ, ಬರೀ ಆಸ್ಪಿಡಿಸ್ಟ್ರಾ ಎಲೆಗಳನ್ನಷ್ಟೇ ಜೋಡಿಸೋ ಪಾಠ ಇದೆ. ಒಂದು ಹೂವೂ ಇಲ್ಲ. ಎಲೆ ಯಾವ ಕಡೆ ಬಾಗಿದೆ, ಯಾವುದರ ಮುಖ ಎಲ್ಲಿಗೆ ತಿರುಗಿದೆ, ಅಷ್ಟೇ ಪಾಠ. ಇಂಗ್ಲೆಂಡಲ್ಲಿ ಕಾನ್‌ಸ್ಟನ್ಸ್ ಸ್ಪ್ರೈ ಅನ್ನೋ ಮಹಿಳೆ 1929ರಲ್ಲಿ ಲಂಡನ್ನಲ್ಲಿ ಹೂವಿನ ಅಂಗಡಿ ತೆರೆದು, ಶ್ರೀಮಂತರ ಊಟದ ಮೇಜಿನ ಮೇಲೆ ಕೇಲ್ ಸೊಪ್ಪು, ಬೇಲಿ ಬಳ್ಳಿ, ಒಣಗಿದ ಕಾಯಿ ಇಟ್ಟಳು. ತರಕಾರಿ ಸೊಪ್ಪು ಹೂದಾನಿಗೆ! 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕಕ್ಕೆ ಹೂವಿನ ಅಲಂಕಾರದ ಕೆಲಸ ಸಿಕ್ಕಿದ್ದೂ ಅವಳಿಗೇ.

ನಮ್ಮ ಫಲಪುಷ್ಪ ಪ್ರದರ್ಶನಗಳಲ್ಲೂ ಪುಷ್ಪ ಜೋಡಣೆ, ಇಕೆಬಾನಾ ಸ್ಪರ್ಧೆ ಬಂದ ಮೇಲೆ ಎಲೆ ಬೇಲಿಯಿಂದ ಹೂದಾನಿಗೆ ಹತ್ತಿತು. ಅಲ್ಲಿಂದ ಬೊಕೆ ಅಂಗಡಿಗೆ, ಮದುವೆ ಸ್ಟೇಜಿಗೆ, ರಿಸೆಪ್ಷನ್ನಿನ ಬ್ಯಾಕ್‌ಡ್ರಾಪ್‌ಗೆ.

ಮನೆಯಲ್ಲಿ ಮಾಡಿ ನೋಡೋರಿಗೆ ಒಂದೆರಡು ವಿಷಯ. ಎಲೆಯ ಬಣ್ಣ ಅಂದ್ರೆ ಮೂರು ಬಗೆಯ ದ್ರವ್ಯಗಳ ಆಟ: ಹಸಿರಿಗೆ ಕ್ಲೋರೊಫಿಲ್, ಹಳದಿ-ಕಿತ್ತಳೆಗೆ ಕ್ಯಾರೊಟಿನಾಯ್ಡ್, ಕೆಂಪು-ನೇರಳೆಗೆ ಆಂಥೋಸಯನಿನ್. ನೆರಳಲ್ಲಿ ಬೆಳೆದ ಕ್ರೋಟನ್ ಹಸಿರಿಗೆ ತಿರುಗುತ್ತೆ, ಬಿಸಿಲಿಗೆ ಇಟ್ಟರೆ ಬಣ್ಣ ಏರುತ್ತೆ. ಎಳೆ ಚಿಗುರು ಕೀಳಬೇಡಿ, ಬೇಗ ಬಾಡುತ್ತೆ. ಬಲಿತ ಎಲೆಯನ್ನ ಬೆಳಿಗ್ಗೆ ತಂಪಲ್ಲಿ ಕತ್ತರಿಸಿ, ತಕ್ಷಣ ನೀರಿಗೆ ಇಳಿಸಿ. ನೀರೊಳಗೆ ಮುಳುಗೋ ಎಲೆ ತೆಗೀರಿ, ಇಲ್ಲಾಂದ್ರೆ ಕೊಳೆತು ನೀರು ನಾರುತ್ತೆ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ. ಪಕ್ಕದಲ್ಲಿ ಮಾಗಿದ ಬಾಳೆಹಣ್ಣು ಇಡಬೇಡಿ, ಅದರಿಂದ ಬರೋ ಎಥಿಲೀನ್ ಗಾಳಿಗೆ ಹೂವು ಬೇಗ ಮುದುಡುತ್ತೆ. ಕ್ರೋಟನ್ ಸೊನೆ ಕೆಲವರ ಚರ್ಮಕ್ಕೆ ಆಗಲ್ಲ, ಕೈ ತೊಳ್ಕೊಳ್ಳಿ. ಮಕ್ಕಳು, ನಾಯಿ-ಬೆಕ್ಕು ಅಗಿಯದ ಹಾಗೆ ನೋಡ್ಕೊಳ್ಳಿ.

ಇನ್ನೊಂದು ಮಜಾ. ಬೊಕೆಯಲ್ಲಿರೋ ಆ ಹಳದಿ ಅಂಚಿನ ಎಲೆ ಹೆಸರು 'ಸಾಂಗ್ ಆಫ್ ಇಂಡಿಯಾ'. ಹೆಸರಲ್ಲಿ ಇಂಡಿಯಾ ಇದೆ, ಗಿಡದ ತವರು ಮಾತ್ರ ಮಡಗಾಸ್ಕರ್, ಮಾರಿಷಸ್ ಕಡೆ. ಬಣ್ಣದ ಎಲೆ ನಮ್ಮದಲ್ಲ, ಪರದೇಶದ್ದು ಅನ್ನೋ ವಾದ ಕೇಳಿದಾಗ ನಂಗೆ ನೆನಪಾಗೋದು ಚೆಂಡುಹೂವು. ದಸರೆಯ ಆಯುಧಪೂಜೆ ಅದಿಲ್ಲದೆ ಆಗಲ್ಲ, ಅದರ ತವರು ಮೆಕ್ಸಿಕೊ. ಬಂದದ್ದು ಹೊರಗಿಂದ, ಆದ್ರೆ ಬೆಳೆದವರು, ಕಟ್ಟಿದವರು, ಹೊಟ್ಟೆ ಹೊರೆದವರು ನಮ್ಮವರು.

ಹಾರ ತುರಾಯಿ ಬೇಡ ಅಂದಾಗ

ಈಗ ಹೊಟ್ಟೆ ಹೊರೆಯೋ ಮಾತಿಗೆ ಬರೋಣ. 2020ರ ಲಾಕ್‌ಡೌನ್‌ನಲ್ಲಿ ಮದುವೆ ಇಲ್ಲ, ಜಾತ್ರೆ ಇಲ್ಲ, ದೇವಸ್ಥಾನ ಬಂದ್. ರೈತರು ಹೂವಿನ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆದ ವಿಡಿಯೋ ನಾವೆಲ್ಲಾ ನೋಡಿದ್ವಿ. ಆ ವರ್ಷ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸಿತು. ಅದರಲ್ಲಿ 11,687 ಹೆಕ್ಟೇರ್‌ನ ಹೂ ಬೆಳೆಗಾರರಿಗೆ ಹೆಕ್ಟೇರ್‌ಗೆ 25,000 ರೂಪಾಯಿ, ಒಬ್ಬರಿಗೆ ಗರಿಷ್ಠ 1 ಹೆಕ್ಟೇರ್‌ಗೆ. ಎಷ್ಟು ಸಾಕಾಯ್ತು, ಬಿಡ್ತು, ಅದು ಬೇರೆ ಚರ್ಚೆ. ಆದ್ರೆ ಹೂವಿಗೆ ಹೆಕ್ಟೇರ್ ಲೆಕ್ಕ ಇತ್ತು, ಹಾಗಾಗಿ ಒಂದು ಸಾಲು ಸಿಕ್ತು. ಬೇಲಿಯಿಂದ, ತೋಟದ ಅಂಚಿನಿಂದ ಎಲೆ ಕಡಿದು, ಕಟ್ಟು ಕಟ್ಟಿ, ಬೆಳಗಿನ ಬಸ್ಸಿಗೆ ಹಾಕೋರನ್ನ ಯಾವ ಹೆಕ್ಟೇರ್‌ನಲ್ಲಿ ಹುಡುಕ್ತೀರಿ? ಲೆಕ್ಕದಲ್ಲಿ ಇಲ್ಲದವರ ನಷ್ಟವೂ ಲೆಕ್ಕಕ್ಕೆ ಬರೋದಿಲ್ಲ.

ಮುಂದಿನ ವರ್ಷ, 2021ರ ಆಗಸ್ಟ್‌ನಲ್ಲಿ, ಬಸವರಾಜ ಬೊಮ್ಮಾಯಿ ಸರ್ಕಾರ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು ಬೇಡ, ಬೇಕಿದ್ರೆ ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಹೊರಡಿಸಿತು. 2023ರ ಮೇನಲ್ಲಿ ನಮ್ಮ ಮೈಸೂರಿನವರೇ ಆದ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಹೂವು, ಶಾಲು ಬೇಡ, ಪುಸ್ತಕ ಕೊಡಿ ಅಂದ್ರು. ಪುಸ್ತಕ ಬೇಡ ಅನ್ನೋಕೆ ನಂಗೂ ಬಾಯಿ ಬರಲ್ಲ. ದುಂದುವೆಚ್ಚ ನಿಲ್ಲಬೇಕು, ನಿಜ. ಆದ್ರೆ ಬಿ.ಕಾಂ ತಲೆ ಕೇಳುತ್ತೆ: ಒಂದು ಬೊಕೆ ನಿಂತಾಗ ಎಷ್ಟು ಜನರ ಕೂಲಿ ನಿಂತಿತು? ಬೆಳೆದವರು, ಕೊಯ್ದವರು, ಸಾಗಿಸಿದವರು, ಕಟ್ಟಿದವರು. ಆ ಸರಪಳಿಯ ಕಟ್ಟಕಡೆಯ ಕೊಂಡಿ, ಹೆಸರೇ ಇಲ್ಲದ್ದು, ಎಲೆಯವರದು.

ಇನ್ನೊಂದು ಕಡೆ ಪ್ಲಾಸ್ಟಿಕ್ ಎಲೆ. ಇವತ್ತು ಎಷ್ಟೋ ಮದುವೆ ಮಂಟಪದಲ್ಲಿ ಹೂವು ನಿಜ, ಹಿಂದಿನ ಹಸಿರು ಗೋಡೆ ಪ್ಲಾಸ್ಟಿಕ್ಕು. ಮೊದಲು ಹೋಗೋದು ಎಲೆಯೇ, ಯಾಕಂದ್ರೆ ಅದನ್ನ ಯಾರೂ ಗಮನಿಸಲ್ಲ. ಅದರ ಜಾಗಕ್ಕೆ ಬಂದ ಪ್ಲಾಸ್ಟಿಕ್ಕನ್ನೂ ಯಾರೂ ಗಮನಿಸಲ್ಲ. ಹಾಗೇ ಸುಮ್ಮನೆ ಒಂದು ಕೆಲಸ ಮಾಯ ಆಗುತ್ತೆ. ವಿಚಿತ್ರ ನೋಡಿ, ಆ ಪ್ಲಾಸ್ಟಿಕ್ ಎಲೆಗೆ ಡೆಕೋರೇಟರ್ ಬಿಲ್‌ನಲ್ಲಿ ಒಂದು ಸಾಲು ಇರುತ್ತೆ, ಬಾಡಿಗೆ ಅಂತ. ನಿಜವಾದ ಎಲೆಗೆ ಇರಲಿಲ್ಲ.

ನಂಗೆ ಅನ್ಸೋದು ಇಷ್ಟೇ. ಕೊಂಬೆ ಫ್ರೀ ಆಗಿ ಕೊಟ್ಟದ್ದು ಒಂದು ಪ್ರೀತಿ, ಅದು ಹಾಗೇ ಇರಲಿ. ಪಕ್ಕದ ಮನೆಯ ಆಂಟಿ ಕೊಂಬೆ ಕೇಳಿದ್ರೆ ಕೊಡಿ, ದುಡ್ಡು ಕೇಳಬೇಡಿ. ಆದ್ರೆ ಅಂಗಡಿಯ ಬಕೆಟ್‌ನಲ್ಲಿರೋ ಎಲೆ ಬೇರೆ. ಅದನ್ನ ಯಾರೋ ನಸುಕಿನಲ್ಲಿ ಎದ್ದು ಕತ್ತರಿಸಿದ್ದಾರೆ. ಕಾಲು ಎಕರೆ ಇರೋರು, ಅಡಿಕೆ-ತೆಂಗಿನ ಮರದ ನೆರಳಲ್ಲಿ ಜಾಗ ಇರೋರು, ನೆರಳು ಸಹಿಸೋ ಎಲೆ ಗಿಡ ಬೆಳೆದು ಮಾರಬಹುದು, ಅದಕ್ಕೆ ಪಾಲಿಹೌಸ್ ಸಾಲ ಬೇಡ. ಆದ್ರೆ ಅದು ಆಗಬೇಕಾದ್ರೆ ಎಲೆಗೆ ಮೊದಲು ಒಂದು ರೇಟು ಬೇಕು. ರೇಟು ಬರಬೇಕಾದ್ರೆ ಯಾರಾದ್ರೂ ಕೇಳಬೇಕು.

ಹಾಗಾಗಿ ಮುಂದಿನ ಸಲ ಬೊಕೆ ತಗೊಳ್ಳುವಾಗ ಒಂದು ಕೆಲಸ ಮಾಡಿ. "ಅಣ್ಣಾ, ಗುಲಾಬಿ ಐದು ಸಾಕು. ಎಲೆ ಜಾಸ್ತಿ ಹಾಕಿ, ಚೆನ್ನಾಗಿರೋದು ಹಾಕಿ, ಎಲೆಗೆ ಎಷ್ಟಾಗುತ್ತೆ ಹೇಳಿ, ಕೊಡ್ತೀನಿ" ಅನ್ನಿ. ಅವರು ಒಂದು ಕ್ಷಣ ನಿಮ್ಮ ಮುಖ ನೋಡಬಹುದು. ನೋಡಲಿ ಬಿಡಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಕ್ರೋಟನ್ ಕೊಂಬೆ ಯಾರ ಮನೆಯಿಂದ ಬಂದಿದ್ದು ಅಂತ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ವಾಯ್ಸ್ ನೋಟ್ ಕಳಿಸಿ. ಒಳ್ಳೆಯದನ್ನ ಮುಂದಿನ ಸಂಚಿಕೆಯಲ್ಲಿ ಹಾಕೋಣ. ಸಿಗೋಣ, ನಮಸ್ಕಾರ.